ಜಾಹೀರಾತೂ ಬೇಕು, ಸಾಕ್ಷ್ಯಚಿತ್ರವೂ ಬೇಕು: ಪ್ರೊಡ್ಯೂಸರ್ ಆಗಲು ಹೊರಟವರಿಗೆ

ಸಾಕ್ಷ್ಯಚಿತ್ರ ಮಾಡಬೇಕು, ಹೊಟ್ಟೆಪಾಡಿಗೆ ಜಾಹೀರಾತನ್ನೂ ಮಾಡಬೇಕು, ಎರಡರಲ್ಲೂ ಹೆಸರು ಬರಬೇಕು. ಆಗುತ್ತಾ? ನನ್ನ ಹತ್ತಿರ ಕೆಲಸ ಕಲಿಯಲು ಬರುವವರು ಮೊದಲು ಕೇಳುವುದು ಇದನ್ನೇ. ಆಗುತ್ತೆ. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತಾರೆ, ಸರಿ. ಆದರೆ ಇಲ್ಲಿ ಒಂದು ದೋಣಿ ಇನ್ನೊಂದನ್ನು ಎಳೆದುಕೊಂಡು ಹೋಗುತ್ತೆ. ನಾನು ಅದೇ ಧೈರ್ಯದಲ್ಲಿ ಎರಡನ್ನೂ ಮಾಡಿಕೊಂಡು ಬಂದಿದ್ದೇನೆ.

ಇಲ್ಲಿ ಪ್ರೊಡ್ಯೂಸರ್ ಅಂದರೆ ಕೈಯಿಂದ ದುಡ್ಡು ಹಾಕುವ ಧಣಿ ಅಲ್ಲ. ಬೇರೆಯವರ ದುಡ್ಡನ್ನು ಹೊಂದಿಸಿ, ಅದಕ್ಕೆ ಲೆಕ್ಕ ಕೊಟ್ಟು, ಬೇಕಾದ ಜನರನ್ನು ಬೇಕಾದ ದಿನ ಬೇಕಾದ ಜಾಗಕ್ಕೆ ತಂದು ನಿಲ್ಲಿಸಿ, ಚಿತ್ರ ಜನರ ಮುಂದೆ ಹೋಗುವ ತನಕ ಜೊತೆಗಿರುವವರು. ಈ ಕೆಲಸ ಇಷ್ಟವಿಲ್ಲದಿದ್ದರೆ ಮುಂದೆ ಓದುವುದು ಬೇಡ, ನಿರ್ದೇಶನ ಕಲಿಯಿರಿ.

ಜಾಹೀರಾತಿನಿಂದ ಶುರು ಮಾಡಿ

ಜಾಹೀರಾತು ಚಿತ್ರ ಮಾಡುವ ಒಂದು ಪ್ರೊಡಕ್ಷನ್ ಹೌಸ್‌ನಲ್ಲಿ ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿ ಸೇರಿಕೊಳ್ಳಿ. ಜಾಹೀರಾತು ಕೆಲವೇ ವಾರಗಳಲ್ಲಿ ಶುರುವಾಗಿ ಮುಗಿದುಹೋಗುತ್ತೆ. ಹಾಗಾಗಿ ಬಜೆಟ್‌ನಿಂದ ಡೆಲಿವರಿವರೆಗಿನ ಇಡೀ ಕೆಲಸವನ್ನು ಒಂದೇ ವರ್ಷದಲ್ಲಿ ಎಷ್ಟೋ ಸಲ ನೋಡಬಹುದು. ಸಾಕ್ಷ್ಯಚಿತ್ರದಲ್ಲಿ ಅದನ್ನು ಒಮ್ಮೆ ನೋಡಿ ಮುಗಿಸಲು ಮೂರು ನಾಲ್ಕು ವರ್ಷ ಹಿಡಿಯುವುದು ಸಾಮಾನ್ಯ.

ಸೆಟ್‌ನಲ್ಲಿ ಕ್ಯಾಮೆರಾ ಸುತ್ತ ಸುಳಿದಾಡಬೇಡಿ. ಎಸ್ಟಿಮೇಟ್ ಮಾಡುವವರ ಪಕ್ಕ ಕೂರಿ. ಕ್ಲೈಂಟ್ ಪರವಾಗಿ ಜಾಹೀರಾತು ರೂಪಿಸುವ ಏಜೆನ್ಸಿಯವರು ಒಂದೇ ಸ್ಕ್ರಿಪ್ಟನ್ನು ಎರಡು ಮೂರು ಪ್ರೊಡಕ್ಷನ್ ಹೌಸ್‌ಗಳಿಗೆ ಕಳಿಸುತ್ತಾರೆ. ನಿರ್ದೇಶಕರು ಟ್ರೀಟ್‌ಮೆಂಟ್, ಅಂದರೆ ಚಿತ್ರ ಹೇಗೆ ಮೂಡಿಬರುತ್ತೆ ಅನ್ನುವ ಟಿಪ್ಪಣಿ ಬರೆಯುತ್ತಾರೆ, ಪ್ರೊಡ್ಯೂಸರ್ ಬಿಡ್, ಅಂದರೆ ಇಷ್ಟಕ್ಕೆ ಮಾಡಿಕೊಡುತ್ತೇವೆ ಅನ್ನುವ ಖರ್ಚಿನ ಪಟ್ಟಿ ತಯಾರು ಮಾಡುತ್ತಾರೆ. ಅಮೆರಿಕದ ಜಾಹೀರಾತು ನಿರ್ಮಾಪಕರ ಸಂಘ ಎಐಸಿಪಿ 1972ರಿಂದ ಇದೆ. ಅದರ ಬಿಡ್ ಫಾರ್ಮನ್ನು ಒಮ್ಮೆ ಸಾಲು ಸಾಲಾಗಿ ಓದಿ. ತಯಾರಿಯ ಸಿಬ್ಬಂದಿ ಬೇರೆ, ಶೂಟಿಂಗ್ ಸಿಬ್ಬಂದಿ ಬೇರೆ, ಲೊಕೇಶನ್, ಸೆಟ್, ಸಲಕರಣೆ ಎಲ್ಲಕ್ಕೂ ಪ್ರತ್ಯೇಕ ಭಾಗ. ಏನೇನು ಮರೆತುಹೋಗಬಹುದು ಅನ್ನುವುದು ಖಾಲಿ ಫಾರ್ಮ್ ನೋಡಿದರೇ ಗೊತ್ತಾಗುತ್ತೆ.

ಬಿಡ್‌ನಲ್ಲಿ ಮುಖ್ಯವಾಗಿ ಎರಡು ತರ. ಫರ್ಮ್ ಬಿಡ್ ಅಂದರೆ ಒಪ್ಪಿದ ಮೊತ್ತದಲ್ಲೇ ಮುಗಿಸಬೇಕು. ಉಳಿದರೆ ನಿಮ್ಮದು, ಮೀರಿದರೂ ನಿಮ್ಮದೇ. ಕಾಸ್ಟ್ ಪ್ಲಸ್ ಅಂದರೆ ಆದ ಖರ್ಚಿಗೆ ಬಿಲ್ ತೋರಿಸಿ, ಅದರ ಮೇಲೆ ಮೊದಲೇ ಒಪ್ಪಿದ ಫೀ ತೆಗೆದುಕೊಳ್ಳುವುದು. ಯಾವುದೇ ಇರಲಿ, ಮಳೆ ಬಂದು ಶೂಟ್ ನಿಂತರೆ ಆ ದಿನದ ಖರ್ಚು ಯಾರದು ಅನ್ನುವುದು ಕಾಗದದಲ್ಲಿ ಇರಲೇಬೇಕು.

ಶೂಟ್‌ಗೆ ಮುಂಚೆ ಏಜೆನ್ಸಿ, ಕ್ಲೈಂಟ್, ನಿರ್ದೇಶಕರು ಎಲ್ಲ ಕೂರುವ ಮೀಟಿಂಗ್ ಪಿಪಿಎಂ, ಅಂದರೆ ಪ್ರೀ ಪ್ರೊಡಕ್ಷನ್ ಮೀಟಿಂಗ್. ಬಟ್ಟೆಯ ಬಣ್ಣದಿಂದ ಹಿಡಿದು ಕೊನೆಯ ಶಾಟ್‌ವರೆಗೆ ಎಲ್ಲ ಅಲ್ಲೇ ತೀರ್ಮಾನ. ನಾನು ಅದೇ ರಾತ್ರಿ ಒಂದು ಮೇಲ್ ಕಳಿಸುತ್ತೇನೆ: ಏನು ಒಪ್ಪಿದೆವು, ಯಾರು ಒಪ್ಪಿದರು, ಏನು ಬಾಕಿ. ಶೂಟ್ ದಿನ ಬೆಳಿಗ್ಗೆ ಕ್ಲೈಂಟ್ ಬಂದು ‘ಅಂಗಿ ನೀಲಿ ಇರಲಿ ಅಂದಿದ್ದೆ ಅಲ್ವಾ?’ ಅಂದರೆ ವಾದಕ್ಕೆ ಇಳಿಯುವ ಅಗತ್ಯವೇ ಇಲ್ಲ. ಮೇಲ್ ತೆರೆದು ತೋರಿಸಿ. ಬದಲಾಯಿಸಲೇಬೇಕು ಅಂದರೆ ಎಷ್ಟು ಹೊತ್ತು, ಎಷ್ಟು ಖರ್ಚು ಅಂತ ಅಲ್ಲೇ ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ.

ಸಾಕ್ಷ್ಯಚಿತ್ರಕ್ಕೆ ಕೈಹಾಕುವಾಗ

ವಿಷಯ ನೋಡಿ ಮರುಳಾಗಬೇಡಿ, ನಿರ್ದೇಶಕರನ್ನು ನೋಡಿ. ಒಳ್ಳೆಯ ವಿಷಯಗಳಿಗೆ ಬರವಿಲ್ಲ. ಆ ಕಥೆಯ ಜನ ಈ ನಿರ್ದೇಶಕರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರಾ? ಕಥೆ ಅಂದುಕೊಂಡ ಕಡೆಗೆ ಹೋಗದಿದ್ದರೆ ಇವರು ಅದರ ಹಿಂದೆ ಹೋಗುತ್ತಾರಾ, ಮುನಿಸಿಕೊಳ್ಳುತ್ತಾರಾ? ಮೂರು ವರ್ಷ ಆದಮೇಲೂ ಇವರ ಫೋನ್ ಬಂದರೆ ಎತ್ತಬೇಕು ಅನ್ನಿಸುತ್ತಾ? ಈ ಕೊನೆಯ ಪ್ರಶ್ನೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಒಪ್ಪಿಗೆಯಾದರೆ ಮೊದಲ ಶೂಟ್‌ಗೆ ಮುಂಚೆಯೇ ನಿಮ್ಮಿಬ್ಬರ ನಡುವೆ ಕರಾರು ಆಗಲಿ. ಹಕ್ಕು ಯಾರದು, ಕೊನೆಯ ಕಟ್ ಯಾರ ಮಾತು, ಮಧ್ಯದಲ್ಲಿ ಒಬ್ಬರು ಬಿಟ್ಟುಹೋದರೆ ಫುಟೇಜ್ ಯಾರ ಹತ್ತಿರ ಉಳಿಯುತ್ತೆ. ಸ್ನೇಹ ಚೆನ್ನಾಗಿರುವಾಗ ಇದನ್ನು ಬರೆಯುವುದು ಸುಲಭ.

ಆಮೇಲೆ ಹಕ್ಕುಗಳ ವಿಷಯ. ಹೊಸಬರಿಗೆ ಇದು ಬೇಜಾರಿನ ಕೆಲಸ, ಆದರೆ ಸಾಕ್ಷ್ಯಚಿತ್ರ ಪ್ರೊಡ್ಯೂಸರ್‌ನ ಅರ್ಧ ಬದುಕು ಇದೇ. ಕ್ಯಾಮೆರಾ ಮುಂದೆ ಬರುವವರಿಂದ ರಿಲೀಸ್ ಫಾರ್ಮ್‌ಗೆ, ಅಂದರೆ ಅವರನ್ನು ಚಿತ್ರದಲ್ಲಿ ತೋರಿಸಲು ಕೊಡುವ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ ಸಹಿ ಪಡೆಯಿರಿ, ಸುಮ್ನೆ ಪೆನ್ನು ಚಾಚಬೇಡಿ. ಹಾಡಿಗೆ ಎರಡು ಅನುಮತಿ ಬೇಕು: ರಚನೆಯ ಹಕ್ಕು ಇರುವವರದು ಒಂದು, ಆ ರೆಕಾರ್ಡಿಂಗ್‌ನ ಹಕ್ಕು ಇರುವವರದು ಇನ್ನೊಂದು. ಸಂದರ್ಶನದ ಹಿಂದೆ ಟಿವಿಯಲ್ಲಿ ಹಾಡು ಬರುತ್ತಿದ್ದರೆ ಮೊದಲು ಟಿವಿ ಆರಿಸಿ.

ಹಳೆಯ ಫುಟೇಜ್ ಬಳಸುವುದಾದರೆ ಮೊದಲ ರಫ್ ಕಟ್, ಅಂದರೆ ಕಚ್ಚಾ ಜೋಡಣೆಯಿಂದಲೇ ಒಂದು ಪಟ್ಟಿ ಇಡಿ. ಯಾವ ಟೈಮ್‌ಕೋಡ್‌ನಲ್ಲಿ (ಚಿತ್ರದ ಎಷ್ಟನೇ ನಿಮಿಷ, ಸೆಕೆಂಡಿನಲ್ಲಿ), ಎಷ್ಟು ಸೆಕೆಂಡ್, ಎಲ್ಲಿಂದ ಬಂತು, ಮಾಲೀಕರು ಯಾರು. ಆರ್ಕೈವ್‌ನವರು ಬಹುಪಾಲು ಸೆಕೆಂಡ್ ಅಥವಾ ನಿಮಿಷದ ಲೆಕ್ಕದಲ್ಲಿ ದರ ಹೇಳುತ್ತಾರೆ. ದುಡ್ಡು ಕಡಿಮೆ ಇದ್ದಾಗ ಚಿತ್ರೋತ್ಸವಕ್ಕೆ ಮಾತ್ರ ಹಕ್ಕು ತೆಗೆದುಕೊಳ್ಳಬಹುದು. ಆದರೆ ಮುಂದೆ ಎಲ್ಲ ಮಾಧ್ಯಮಕ್ಕೆ, ಇಡೀ ಜಗತ್ತಿಗೆ, ಶಾಶ್ವತವಾಗಿ ಬೇಕಾದರೆ ದರ ಎಷ್ಟು ಅನ್ನುವುದನ್ನು ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ಚಿತ್ರಕ್ಕೆ ಪ್ರಶಸ್ತಿ ಬಂದಮೇಲೆ ದರ ಕೇಳಲು ಹೋದರೆ ಚೌಕಾಸಿಗೆ ಜಾಗ ಇರುವುದಿಲ್ಲ. ಚಿತ್ರ ಕೊಳ್ಳುವ ಚಾನೆಲ್ ಅಥವಾ ಸ್ಟ್ರೀಮಿಂಗ್ ಸಂಸ್ಥೆಯವರು ಸಾಮಾನ್ಯವಾಗಿ ಇ ಅಂಡ್ ಒ ಎಂಬ ವಿಮೆ ಕೇಳುತ್ತಾರೆ. ಹಕ್ಕುಗಳ ತಕರಾರು ಬಂದರೆ ಕಾಯುವ ವಿಮೆ ಅದು. ವಿಮೆಯವರು ಕೇಳುವುದು ಇದೇ ಕಾಗದಗಳನ್ನು.

ದುಡ್ಡು ಒಂದೇ ಕಡೆಯಿಂದ ಬರುವುದು ಅಪರೂಪ. ಸ್ವಲ್ಪ ಗ್ರಾಂಟ್, ಸ್ವಲ್ಪ ಚಾನೆಲ್‌ನ ಮುಂಗಡ, ಸ್ವಲ್ಪ ಬೇರೆ ದೇಶದ ಸಹ ನಿರ್ಮಾಪಕರು. ಆಮ್‌ಸ್ಟರ್‌ಡ್ಯಾಮ್‌ನ ಸಾಕ್ಷ್ಯಚಿತ್ರೋತ್ಸವ ಇಡ್ಫಾದ ಫೋರಂ, ಇಂಗ್ಲೆಂಡಿನ ಶೆಫೀಲ್ಡ್ ಸಾಕ್ಷ್ಯಚಿತ್ರೋತ್ಸವದ ಮೀಟ್‌ಮಾರ್ಕೆಟ್ ಇರುವುದೇ ಇಂಥವರನ್ನು ಭೇಟಿ ಮಾಡಿಸಲು. ಅಲ್ಲಿಗೆ ಹೋಗುವಾಗ ಚಿಕ್ಕ ಟ್ರೇಲರ್, ನಿಜವಾದ ಬಜೆಟ್, ಈವರೆಗೆ ಬಂದಿರುವ ದುಡ್ಡಿನ ವಿವರ ಮೂರೂ ಇರಲಿ. ಬಜೆಟ್‌ನಲ್ಲಿ ಎಡಿಟಿಂಗ್‌ಗೆ ಕಂಜೂಸಿ ಬೇಡ. ನೂರಾರು ಗಂಟೆ ಫುಟೇಜನ್ನು ಎಡಿಟರ್ ನೋಡಿ ಮುಗಿಸಲೇ ತಿಂಗಳುಗಳು ಬೇಕು. ಶೇ 10ರಷ್ಟು ಹಣ ಅನಿರೀಕ್ಷಿತ ಖರ್ಚಿಗೆ ಅಂತ ಪಕ್ಕಕ್ಕೆ ಇಡಿ. ಹಾಗಿದ್ದೂ ಖಾಲಿಯಾಗಬಹುದು. ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಮಾಡುವಾಗ 8 ಎಂಎಂ ಫಿಲ್ಮ್‌ಗೆ ದುಡ್ಡಿಲ್ಲದೆ ನಿರ್ದೇಶಕ ಮಲಿಕ್ ಬೆಂಜೆಲೂಲ್ ಕೆಲವು ದೃಶ್ಯಗಳನ್ನು ಫೋನ್‌ನ ಆ್ಯಪ್‌ನಲ್ಲಿ ತೆಗೆದರು. ಆ ಚಿತ್ರಕ್ಕೆ 2013ರಲ್ಲಿ ಆಸ್ಕರ್ ಬಂತು.

ಇನ್ನು ಜಾಹೀರಾತಿನಿಂದ ಇಲ್ಲಿಗೆ ತರಬಾರದ ಒಂದು ಅಭ್ಯಾಸ ಇದೆ. ಅಲ್ಲಿ ಶಾಟ್ ಸರಿ ಬರುವ ತನಕ ಇನ್ನೊಂದು ಟೇಕ್. ಇಲ್ಲಿ ಮಗನ ಸಾವಿನ ಬಗ್ಗೆ ಮಾತಾಡಿದ ತಾಯಿಗೆ ‘ಅಮ್ಮಾ, ಇನ್ನೊಮ್ಮೆ ಹೇಳಿ, ಲೈಟ್ ಸರಿ ಇರಲಿಲ್ಲ’ ಅನ್ನುವ ಹಾಗಿಲ್ಲ. ಕಾಲ್ ಶೀಟ್, ಅಂದರೆ ಶೂಟ್ ದಿನದ ವೇಳಾಪಟ್ಟಿ ಇರಲಿ, ಆದರೆ ಅದರಲ್ಲಿ ಖಾಲಿ ಹೊತ್ತೂ ಇರಲಿ. ಬೇಕಾದ್ದು ಆ ಖಾಲಿ ಹೊತ್ತಿನಲ್ಲೇ ಸಿಗುತ್ತೆ.

ಎರಡನ್ನೂ ನಡೆಸುವುದು

ನಾನು ಸಾಕ್ಷ್ಯಚಿತ್ರದ ದಿನಗಳನ್ನು ಮೊದಲು ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇನೆ, ಜಾಹೀರಾತನ್ನು ಉಳಿದ ಜಾಗಕ್ಕೆ ತೆಗೆದುಕೊಳ್ಳುತ್ತೇನೆ. ಉಲ್ಟಾ ಮಾಡಿದರೆ ಸಾಕ್ಷ್ಯಚಿತ್ರ ಮುಂದಕ್ಕೆ ಹೋಗುತ್ತಲೇ ಇರುತ್ತೆ. ನಿಮ್ಮ ಸಾಕ್ಷ್ಯಚಿತ್ರದ ನಿರ್ದೇಶಕರನ್ನೇ ಜಾಹೀರಾತಿಗೂ ಪರಿಚಯಿಸಿ. ಎರಲ್ ಮಾರಿಸ್ 2004ರಲ್ಲಿ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪಡೆದವರು. ಅದಕ್ಕೆ ಮುಂಚೆ, 2002ರಲ್ಲಿ, ಆ್ಯಪಲ್‌ನ ‘ಸ್ವಿಚ್’ ಜಾಹೀರಾತುಗಳನ್ನು ಮಾಡಿದರು. ಬಿಳಿ ಹಿನ್ನೆಲೆ, ಒಬ್ಬ ಸಾಮಾನ್ಯ ವ್ಯಕ್ತಿ, ಅವರ ಮಾತು, ಅಷ್ಟೇ. ನಿಜವಾದ ಜನರನ್ನು ಮಾತಾಡಿಸಬೇಕಾದ ಸ್ಕ್ರಿಪ್ಟ್ ಬಂದಾಗ ಸಾಕ್ಷ್ಯಚಿತ್ರದವರಿಗೆ ಬೇಡಿಕೆ ಇರುತ್ತೆ. ಏಜೆನ್ಸಿಗೆ ತೋರಿಸುವ ನಿಮ್ಮ ಕೆಲಸದ ರೀಲ್‌ನಲ್ಲಿ ಅಂಥ ಕೆಲಸ ಮೊದಲು ಕಾಣಲಿ.

ಪ್ರಶಸ್ತಿಯ ಕಡೆಗೆ

ಪ್ರಶಸ್ತಿಗೆ ಅರ್ಜಿ ಹಾಕುವುದೂ ಪ್ರೊಡ್ಯೂಸರ್ ಕೆಲಸವೇ. ಸಾಕ್ಷ್ಯಚಿತ್ರದ ಆಸ್ಕರ್ ನಿರ್ದೇಶಕರ ಜೊತೆ ನಿರ್ಮಾಪಕರ ಕೈಗೂ ಬರುತ್ತೆ. ಸೈಮನ್ ಚಿನ್ ‘ಮ್ಯಾನ್ ಆನ್ ವೈರ್’ಗೆ 2009ರಲ್ಲಿ ಒಂದು ಪಡೆದು, 2013ರಲ್ಲಿ ಶುಗರ್ ಮ್ಯಾನ್‌ಗೆ ಇನ್ನೊಂದು ಪಡೆದರು. 2023ರಲ್ಲಿ ಕಿರು ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಗೆದ್ದ ನಿರ್ಮಾಪಕಿ ಗುನೀತ್ ಮೋಂಗಾ ಮಾತಾಡಬೇಕು ಅನ್ನುವಷ್ಟರಲ್ಲಿ ವೇದಿಕೆಯಲ್ಲಿ ಸಂಗೀತ ಶುರುವಾಗಿತ್ತು. ಪ್ರೊಡ್ಯೂಸರ್‌ಗಳ ಪಾಡು ಅಲ್ಲೂ ಅದೇ, ನೋಡಿ.

ಆಸ್ಕರ್‌ನ ಕಿರು ಸಾಕ್ಷ್ಯಚಿತ್ರ ವಿಭಾಗಕ್ಕೆ ತೆರೆಯ ಮೇಲೆ ಬರುವ ಹೆಸರುಗಳೂ ಸೇರಿ 40 ನಿಮಿಷದ ಮಿತಿ ಇದೆ. ಕಟ್ 45 ನಿಮಿಷದಲ್ಲಿ ನಿಂತಿದ್ದರೆ ಎಡಿಟ್ ಕೋಣೆಯಲ್ಲೇ ಮಾತಾಡಿ, ಇಲ್ಲದಿದ್ದರೆ ಪೂರ್ಣಾವಧಿ ಚಿತ್ರಗಳ ಜೊತೆ ಸ್ಪರ್ಧಿಸಬೇಕು. ದೊಡ್ಡ ಚಿತ್ರೋತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಲಿ ಅಂತ ಬಯಸುತ್ತವೆ. ಹಾಗಾಗಿ ಮೊದಲು ಕರೆದವರಿಗೆ ಆತುರದಲ್ಲಿ ಹೂಂ ಅನ್ನಬೇಡಿ. ಅಮೆರಿಕದ ಸನ್‌ಡಾನ್ಸ್ ಜನವರಿಯಲ್ಲಿ, ಇಡ್ಫಾ ನವೆಂಬರ್‌ನಲ್ಲಿ. ಎಡಿಟ್ ಮುಗಿಯುವ ತಿಂಗಳನ್ನು ಇದಕ್ಕೆ ಹೊಂದಿಸಿ.

ಜಾಹೀರಾತಿನಲ್ಲಿ ಸಾಮಾನ್ಯವಾಗಿ ಏಜೆನ್ಸಿ ಅಥವಾ ಪ್ರೊಡಕ್ಷನ್ ಹೌಸ್ ಪ್ರವೇಶ ಶುಲ್ಕ ಕಟ್ಟಿ ಅರ್ಜಿ ಹಾಕುತ್ತೆ. ಜಾಹೀರಾತಿನ ದೊಡ್ಡ ಪ್ರಶಸ್ತಿಗಳಾದ ಕಾನ್ ಲಯನ್ಸ್‌ನಲ್ಲಿ ಫಿಲ್ಮ್ ಕ್ರಾಫ್ಟ್ ವಿಭಾಗ ನಮ್ಮಂಥವರ ಕೆಲಸ ನೋಡುವ ಜಾಗ. ಬ್ರಿಟನ್ನಿನ ಡಿ ಅಂಡ್ ಎಡಿ ಸಂಸ್ಥೆಯವರ ಅತಿ ದೊಡ್ಡ ಪ್ರಶಸ್ತಿ ಬ್ಲ್ಯಾಕ್ ಪೆನ್ಸಿಲ್ ಕೆಲವು ವರ್ಷ ಯಾರಿಗೂ ಸಿಗುವುದಿಲ್ಲ. ಎಐಸಿಪಿಯವರು ಆರಿಸಿದ ಜಾಹೀರಾತುಗಳು ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದ ಚಲನಚಿತ್ರ ಸಂಗ್ರಹಕ್ಕೆ ಸೇರುತ್ತವೆ. ಅರ್ಜಿಯಲ್ಲಿ ಹೆಸರುಗಳ ಪಟ್ಟಿ ತುಂಬುವವರು ನಿಮ್ಮನ್ನು ನೋಡಿಯೇ ಇರದ ಯಾರೋ ಆಗಿರಬಹುದು. ಅದಕ್ಕೇ ಶೂಟ್ ಮುಗಿದ ವಾರದಲ್ಲೇ ಎಲ್ಲರ ಹೆಸರು, ಹುದ್ದೆ, ಸರಿಯಾದ ಕಾಗುಣಿತ ಬರೆದು ಏಜೆನ್ಸಿಗೆ ಕಳಿಸಿ. ಗಡುವಿಗೆ ಮುಂಚೆ ಅರ್ಜಿಯ ಪ್ರತಿ ಕೇಳಿ ಪಡೆದು, ಲೈಟ್ ಬಾಯ್ ಹೆಸರಿನವರೆಗೂ ನೀವೇ ಓದಿ ನೋಡಿ.