ಡೆಕ್ ಮೇಲೆ ರಕೂನ್ ಹಿಕ್ಕೆ ಕಂಡರೆ: ಒಂಟಾರಿಯೊದ ಕನ್ನಡಿಗರಿಗೆ

ಟೊರಾಂಟೊ, ಬ್ರಾಂಪ್ಟನ್ ಕಡೆ ಹೊಸದಾಗಿ ಮನೆ ಮಾಡಿದವರು ರಕೂನ್ ಕಂಡರೆ ಮೊದಲು ಫೋಟೊ ತೆಗೆಯುತ್ತಾರೆ. ಊರಲ್ಲಿ ಹೆಂಚಿನ ಮೇಲೆ ಪುನುಗಿನ ಬೆಕ್ಕು ಓಡಾಡಿದ ಹಾಗೆ ಇಲ್ಲಿ ರಾತ್ರಿ ಸೂರಿನ ಮೇಲೆ ಇದರ ಸದ್ದು. ದೂರದಿಂದ ನೋಡಿದರೆ ಏನೂ ಆಗುವುದಿಲ್ಲ. ನನಗೆ ಜಾಸ್ತಿ ಭಯ ಅದರ ಹಿಕ್ಕೆಯದು.

ರಕೂನ್‌ಗಳು ಒಂದು ಜಾಗವನ್ನು ಕಕ್ಕಸು ಮಾಡಿಕೊಂಡರೆ ಮತ್ತೆ ಮತ್ತೆ ಅಲ್ಲಿಗೇ ಬರುತ್ತವೆ. ಡೆಕ್ಕಿನ ಮೂಲೆ, ಮರದ ಬುಡ, ಸೌದೆ ರಾಶಿ, ಮಕ್ಕಳು ಆಡುವ ಮರಳು. ಅವುಗಳ ಕರುಳಿನಲ್ಲಿರುವ ಬೇಲಿಸ್ಯಾಸ್ಕರಿಸ್ ಎಂಬ ಜಂತುಹುಳುವಿನ ಮೊಟ್ಟೆಗಳು ಹಿಕ್ಕೆಯಲ್ಲಿ ಬೀಳುತ್ತವೆ. ಮೊಟ್ಟೆ ಬಲಿಯಲು 2ರಿಂದ 4 ವಾರ ಬೇಕು. ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅದಕ್ಕೇ ಕಂಡ ದಿನವೇ ತೆಗೆದುಬಿಡಬೇಕು. ಬ್ಲೀಚಿಗೆ ಈ ಮೊಟ್ಟೆ ಸಾಯುವುದಿಲ್ಲ, ಕುದಿಯುವ ನೀರೇ ಬೇಕು. ಗ್ಲೌಸ್, ರಬ್ಬರ್ ಬೂಟು, ಎನ್95 ಮಾಸ್ಕ್ ಹಾಕಿಕೊಳ್ಳಿ. ದೂಳು ಏಳದಂತೆ ನೀರು ಚಿಮುಕಿಸಿ, ಹಿಕ್ಕೆಯನ್ನು ಚೀಲಕ್ಕೆ ತುಂಬಿ, ಆ ಜಾಗಕ್ಕೆ ಕುದಿನೀರು ಸುರಿಯಿರಿ.

ಮಗು ಅಲ್ಲಿನ ಮಣ್ಣು ಬಾಯಿಗೆ ಹಾಕಿಕೊಂಡಿದೆ ಅನ್ನಿಸಿದರೆ ಕಾಯಬೇಡಿ. ಮರಿಹುಳು ಮಿದುಳಿಗೆ, ಕಣ್ಣಿಗೆ ಹೋಗಬಹುದು. ಅಪರೂಪವೇ, ಆದರೆ ಆದ ಹಾನಿ ಸರಿಹೋಗುವುದು ಕಷ್ಟ. ಅಂದೇ ಡಾಕ್ಟರ ಹತ್ತಿರ ಹೋಗಿ, ರಕೂನ್ ಹಿಕ್ಕೆ ಅಂತ ಬಿಡಿಸಿ ಹೇಳಿ. ಇದಕ್ಕೆ ಕೊಡುವುದು ಅಲ್ಬೆಂಡಜೋಲ್. ನಮ್ಮ ಶಾಲೆಗಳಲ್ಲಿ ಜಂತುಹುಳುವಿಗೆ ಕೊಡುವುದೂ ಅದೇ. ಹಾಗಂತ ಊರಿಂದ ತಂದ ಮಾತ್ರೆಯನ್ನು ನೀವೇ ಕೊಡಬೇಡಿ. ಇದಕ್ಕೆ ಪ್ರಮಾಣವೂ ದಿನಗಳ ಲೆಕ್ಕವೂ ಬೇರೆ.

ಕಚ್ಚಿದರೆ, ಪರಚಿದರೆ ಮಾತು ಬೇರೆ. 2015ರ ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್‌ನಲ್ಲಿ ರಕೂನ್ ರೇಬಿಸ್ ಮತ್ತೆ ಕಾಣಿಸಿಕೊಂಡಿತ್ತು. ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು ನೇರ ಎಮರ್ಜೆನ್ಸಿಗೆ ಹೋಗಿ. ಪ್ರಾಣಿ ಕಡಿತವನ್ನು ಡಾಕ್ಟರು ಪಬ್ಲಿಕ್ ಹೆಲ್ತ್ ಯೂನಿಟ್‌ಗೆ ತಿಳಿಸಲೇಬೇಕು, ಇದು ಇಲ್ಲಿನ ಕಾನೂನು. ರೇಬಿಸ್ ಲಸಿಕೆ ಅಲ್ಲಿಂದಲೇ ಬರುತ್ತದೆ, ಲಸಿಕೆಗೆ ದುಡ್ಡಿಲ್ಲ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುವ ಕಾಲ ಹೋಯಿತು. ಮೊದಲ ದಿನ ಲಸಿಕೆ ಜೊತೆ ಇಮ್ಯುನೊಗ್ಲೋಬ್ಯುಲಿನ್, ಆಮೇಲೆ 3, 7, 14ನೇ ದಿನ ಒಂದೊಂದು ಲಸಿಕೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಒಹಿಪ್ (ಒಂಟಾರಿಯೊ ಸರ್ಕಾರದ ಆರೋಗ್ಯ ವಿಮೆ) ಇರುವುದಿಲ್ಲ ಅಲ್ವಾ, ಆಸ್ಪತ್ರೆ ಬಿಲ್ಲಿಗೆ ಇನ್ಶೂರೆನ್ಸ್ ಕಾಗದ ಕೈಯಲ್ಲಿರಲಿ. ಆದರೆ ಬಿಲ್ಲಿಗೆ ಹೆದರಿ ಸುಮ್ನೆ ಮನೆಯಲ್ಲಿ ಕೂರಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಔಷಧಿ ಇಲ್ಲ.

ರಕೂನ್ ಮೂತ್ರದಿಂದ ನಮ್ಮ ಇಲಿಜ್ವರವೂ ಹರಡುತ್ತದೆ. ನಾಯಿ ಸಾಕಿದ್ದರೆ ಅದಕ್ಕೆ ಇಲಿಜ್ವರದ ಲಸಿಕೆ ಹಾಕಿಸುವ ಬಗ್ಗೆ ವೆಟ್ ಹತ್ತಿರ ಕೇಳಿ. ತೂರಾಡುವ ಅಥವಾ ಸತ್ತ ರಕೂನ್ ಕಂಡರೆ ಮುಟ್ಟಬೇಡಿ, ಟೊರಾಂಟೊದಲ್ಲಿ ನಗರಾಡಳಿತದ ಸಹಾಯವಾಣಿ 311ಕ್ಕೆ ಫೋನ್ ಮಾಡಿ. ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡುವ ಹಾಗೂ ಇಲ್ಲ. ಹಿಡಿದ ಜಾಗದಿಂದ 1 ಕಿಲೋಮೀಟರ್ ಒಳಗೇ ಬಿಡಬೇಕು ಅನ್ನುವುದು ಒಂಟಾರಿಯೊದ ನಿಯಮ.

ಹಿತ್ತಲಲ್ಲಿ ಹಸಿರು ಬಣ್ಣದ ಪುಟ್ಟ ಪೊಟ್ಟಣ ಸಿಕ್ಕರೆ ಗಾಬರಿ ಬೇಡ. ಅದು ಕಾಡುಪ್ರಾಣಿಗಳು ತಿನ್ನಲೆಂದು ಸರ್ಕಾರವೇ ಹಾಕಿಸುವ ರೇಬಿಸ್ ಲಸಿಕೆ. ಮಾರ್ಷ್‌ಮೆಲೊ ಮಿಠಾಯಿಯ ವಾಸನೆ ಬರುತ್ತದೆ, ಮುಟ್ಟಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.