ಮಂಡ್ಯದ ಹಸಿರನ್ನು ನಂಬದೆ ಮಾಡಿದ ನಕ್ಷೆ

ಮಂಡ್ಯದಲ್ಲಿ ಮರುಭೂಮೀಕರಣದ ನಕ್ಷೆ ಮಾಡುತ್ತೇನೆ ಅಂದಾಗ ಮೈಸೂರಿನ ಗೆಳೆಯರು ನಕ್ಕರು. ಕೆಆರ್‌ಎಸ್ ನೀರು ಕುಡಿಯುವ ಜಿಲ್ಲೆ ಬರಡಾಗೋದು ಹೇಗೆ ಅಂತ. ಈಗ ಅವರೇ ಲೇಯರ್ ಫೈಲ್ ಕೇಳುತ್ತಿದ್ದಾರೆ.

ಶುರುವಿಗೆ ಎಲ್ಲರಂತೆ, ನೆಲ ಬರಡಾಗುವ ಅಪಾಯಕ್ಕೆ ಅಂಕ ಕೊಡುವ ಮೆಡಾಲಸ್ ವಿಧಾನ ಹಿಡಿದೆ. ಮಣ್ಣು, ಹವಾಮಾನ, ಸಸ್ಯ, ನಿರ್ವಹಣೆಗೆ 1ರಿಂದ 2ರ ಅಂಕ, ನಾಲ್ಕನ್ನೂ ಗುಣಿಸಿ ನಾಲ್ಕನೇ ಘಾತಮೂಲ. ನಾಗಮಂಗಲ ಬಹುಪಾಲು ಕೆಂಪು (ಅಪಾಯ), ಮದ್ದೂರು ಹಸಿರು ಅಂತ ಬಂತು. ಇಷ್ಟು ತಿಳಿಯೋಕೆ ಉಪಗ್ರಹ ಯಾಕೆ, ಬಸ್ಸಿನ ಕಿಟಕಿ ಸಾಕಲ್ವಾ? ಮಾರ್ಚ್ ಚಿತ್ರದಲ್ಲಿ ರಾಗಿ ಕೊಯ್ದ ಹೊಲವೂ ಸತ್ತ ನೆಲವೂ ಒಂದೇ ಥರ ಕಾಣುತ್ತವೆ. ಅತ್ತ ಕಬ್ಬು ವರ್ಷಪೂರ್ತಿ ನಿಂತು ಚೌಳನ್ನು (ಉಪ್ಪು ಏರಿದ ನೆಲವನ್ನು) ಮುಚ್ಚಿಬಿಡುತ್ತದೆ.

ಇನ್ನೂ ಸ್ಪಷ್ಟವಾದ ಉಪಗ್ರಹ ಚಿತ್ರ ಕೊಂಡರೆ ಸರಿಹೋಗುತ್ತೆ ಅಂತ ಕೆಲವರು ಅಂದರು. ಒಂದು ಸಣ್ಣ ತುಂಡಿಗೇ 30–40 ಸಾವಿರ ಹೋಯಿತು. ಕಬ್ಬಿನ ಗರಿ ಚೆನ್ನಾಗಿ ಕಂಡಿತು, ಅಷ್ಟೇ.

ಕೊನೆಗೆ ನಾಲೆ ನೀರು ಮುಟ್ಟುವ ಅಚ್ಚುಕಟ್ಟಿನ ಗಡಿಯಲ್ಲೇ ಜಿಲ್ಲೆಯನ್ನು ಎರಡು ಮಾಡಿದೆ. ಖುಷ್ಕಿ ಕಡೆಗೆ ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್‌ನ ಹಳೆಯ ಚಿತ್ರಗಳು. ಪ್ರತಿ ವರ್ಷ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್‌ವರೆಗಿನ ಹಸಿರಿನ ಮೀಡಿಯನ್ (ನಡುಬೆಲೆ) ತೆಗೆದೆ, ಮೋಡದ ಕಾಟ ಕಮ್ಮಿಯಾಯಿತು. ಅದರಿಂದ ಮಳೆಯ ಪಾಲು ಕಳೆದೆ. ಮಳೆ ಚೆನ್ನಾಗಿದ್ದೂ ಹಸಿರು ಇಳಿಯುತ್ತಾ ಬಂದ ಜಾಗವೇ ನಿಜವಾದ ಕೆಂಪು. ನೀಲಗಿರಿ ತೋಪನ್ನು ಮಾತ್ರ ಬೇರೆಯೇ ತೆಗೆದಿಟ್ಟೆ. ಬೇಸಿಗೆಯಲ್ಲೂ ಅದರ ಹಸಿರಿನ ಅಳತೆಯಾದ ಎನ್‌ಡಿವಿಐ ಅಷ್ಟಾಗಿ ಬೀಳೋದಿಲ್ಲ, ಕೆಳಗಿನ ನೆಲ ಬೋಳಾಗಿದ್ದರೂ.

ನಾಲೆ ಕಡೆಗೆ ಯುರೋಪಿನ ಉಪಗ್ರಹ ಸೆಂಟಿನೆಲ್-2. ಅದರ 10 ಮೀಟರ್ ಪಿಕ್ಸೆಲ್ ಅಂದರೆ ಹೆಚ್ಚುಕಮ್ಮಿ ಒಂದು ಗುಂಟೆ, ರೈತರ ಜೊತೆ ಮಾತಾಡೋಕೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಕಿರುತರಂಗದ ಅವಕೆಂಪು ಬೆಳಕು ಹಿಡಿಯುವ ಸ್ವಿರ್ ಬ್ಯಾಂಡ್ 20 ಮೀಟರ್, ಅಂದರೆ 4 ಗುಂಟೆ. ಅರ್ಧ ಎಕರೆ ಹೊಲಕ್ಕೆ ಐದೇ ಪಿಕ್ಸೆಲ್, ಅದರಲ್ಲಿ ಬದುವೂ ಸೇರಿಕೊಳ್ಳುತ್ತದೆ. ಬೇಸಿಗೆ ಮಳೆಗೆ ಮುಂಚೆ ಉಪ್ಪು ಮೇಲಕ್ಕೆ ಬಂದಾಗ ಚಿತ್ರ ಹಿಡಿಯಬೇಕು. ಯಾವ ವಾರ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ನಾಲೆಗೆ ನೀರು ನಿಲ್ಲಿಸಿದ ದಿನದಿಂದ ಎಣಿಸುತ್ತೇನೆ ಅಂತ ಮಾತ್ರ ಹೇಳಬಲ್ಲೆ. ನಿರ್ವಹಣೆಯ ಅಂಕದಲ್ಲೂ ಒಂದು ಕೈಚಳಕ ಇದೆ: ನೀರಾವರಿ ಇದೆ ಅಂತ ಸುಮ್ನೆ ಒಳ್ಳೆಯ ಅಂಕ ಕೊಡಬೇಡಿ, ಹೆಚ್ಚಿನ ನೀರು ಹೊರಹೋಗೋಕೆ ಬಸಿಗಾಲುವೆ ಇದೆಯಾ ನೋಡಿ. ತೂಕ ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

ಮಳವಳ್ಳಿ ಕಡೆ, ನಾಲೆಯ ಕೊನೆ ಭಾಗದಲ್ಲಿ ಮಣ್ಣು ಅಳೆದೆ. ನಕ್ಷೆ ಚೌಳು ಅಂದ ಹತ್ತು ಜಾಗದಲ್ಲಿ ಏಳೆಂಟು ಕಡೆ ಚೌಳೇ ಇತ್ತು. ಉಳಿದ ಕಡೆ ಇಸಿ (ಉಪ್ಪು ಎಷ್ಟಿದೆ ಅಂತ ತೋರಿಸುವ ವಿದ್ಯುತ್ ವಾಹಕತೆ) ಕಮ್ಮಿ ಬಂದು ಗಾಬರಿಯಾಯಿತು. ಪಿಎಚ್ ನೋಡಿದರೆ ಕೆಲವು ಕಡೆ 8.5 ದಾಟಿತ್ತು. ಕ್ಷಾರದ ಮಣ್ಣು ಇಸಿಗೆ ಸಿಗೋದಿಲ್ಲ, ಎರಡೂ ಅಳೆಯಿರಿ. ನಾನು ಒಂದು ಪಾಲು ಮಣ್ಣಿಗೆ ಎರಡು ಪಾಲು ನೀರು ಬೆರೆಸಿ ಅಳೆದದ್ದು, ಪುಸ್ತಕದಲ್ಲಿ ಚೌಳಿಗೆ ಕೊಡುವ ಇಸಿ 4 ಅನ್ನೋ ಗಡಿ ಬೇರೆ ವಿಧಾನದ್ದು, ಅದಕ್ಕೆ ನೇರವಾಗಿ ಹೋಲಿಸೋಕೆ ಹೋಗಬೇಡಿ.

ನಡುವೆ ಲ್ಯಾಂಡ್‌ಸ್ಯಾಟ್‌ನ ಥರ್ಮಲ್ ಬ್ಯಾಂಡ್‌ನಲ್ಲೂ ಚೌಳು ಹುಡುಕಿದೆ. ಶಾಖ ಹಿಡಿಯುವ ಆ ಬ್ಯಾಂಡಿನ ಪಿಕ್ಸೆಲ್ ಮೂಲದಲ್ಲೇ 100 ಮೀಟರ್, ಗುಂಟೆ ಲೆಕ್ಕದ ಹೊಲಕ್ಕೆ ದಂಡ. ರಾತ್ರಿಗಳು ಹೋದವು, ದುಡ್ಡಂತೂ ಹೋಗಲಿಲ್ಲ.

ಕೊಂಡ ಆ ಚಿತ್ರ ಬಿಟ್ಟರೆ ಒಟ್ಟು ಖರ್ಚು 20 ಸಾವಿರದ ಆಸುಪಾಸು, ಅದರಲ್ಲಿ ಪೆಟ್ರೋಲೇ ಜಾಸ್ತಿ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ಪುಕ್ಕಟೆ, ಚಿತ್ರಗಳೂ ಪುಕ್ಕಟೆ. ಮಣ್ಣು ಅಳೆಯುವ ಮೀಟರಿಗೆ ಎರಡು ಸಾವಿರ ಕೊಟ್ಟ ನೆನಪು.