ಪಿಕಪ್‌ನ ಹಿಂದಿನ ಲೈಟ್ ಹುಚ್ಚು ಹಿಡಿದಂತೆ ಆಡುತ್ತಿತ್ತು

ಬ್ರೇಕ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಮಂಕಾಗಿ ಉರಿಯುತ್ತಿತ್ತು. ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಜೊತೆಗೆ ಮಿಣುಕುತ್ತಿತ್ತು. ಕಾರವಾರದಿಂದ ಮೀನು ತುಂಬಿಕೊಂಡು ಶಿರಸಿಗೆ ಹೋಗುವ ಗಾಡಿ ಇದು, ಮಳೆಯಲ್ಲಿ ದೇವಿಮನೆ ಘಾಟಿ ಹತ್ತುವಾಗ ಹಿಂದಿನವನಿಗೆ ನಾವು ಕಾಣದಿದ್ದರೆ ಕಥೆ ಮುಗೀತು ಅಲ್ವಾ.

ಬಲ್ಬ್ ಬದಲಿಸಿದೆ, ಫ್ಯೂಸ್ ನೋಡಿದೆ. ಗ್ಯಾರೇಜಿನಲ್ಲಿ ಪೂರ್ತಿ ವೈರಿಂಗ್ ಬದಲಿಸಬೇಕು ಅಂದರು. ಸುಮ್ನೆ ಖರ್ಚು ಅನ್ನಿಸಿತು.

ಒಂದು ಉದ್ದದ ವೈರ್ ತಗೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಟೇಲ್ ಲೈಟಿನ ಅರ್ಥಿಂಗ್ ವೈರಿಗೆ ಮುಟ್ಟಿಸಿದೆ. ಲೈಟ್ ಝಗ್ಗನೆ ಉರಿಯಿತು! ಅಂದರೆ ಅರ್ಥಿಂಗೇ ಕೆಟ್ಟಿದೆ, ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲದೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತಿದೆ.

ಗಾಡಿ ಕೆಳಗೆ ಮಲಗಿ ನೋಡಿದೆ. ಐಸ್ ಕರಗಿದ ಉಪ್ಪುನೀರು ಸರಿಯಾಗಿ ಅರ್ಥಿಂಗ್ ವೈರನ್ನು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿಯುವ ಬೋಲ್ಟಿನ ಮೇಲೇ ತೊಟ್ಟಿಕ್ಕುತ್ತಿತ್ತು. ವೈರಿನ ತುದಿಯ ಲೋಹದ ಬಳೆಯ (ಲಗ್) ತುಂಬಾ ಹಸಿರು ಕಿಲುಬು. ತಪ್ಪು ನನ್ನದೇ. ಆಸೆಪಟ್ಟು ಹಾಕಿಸಿದ ದಪ್ಪ ರಬ್ಬರ್ ಮ್ಯಾಟ್ ನೀರು ಹೋಗುವ ತೂತುಗಳನ್ನೆಲ್ಲ ಮುಚ್ಚಿ, ನೀರನ್ನು ಆ ಮೂಲೆಗೆ ತಿರುಗಿಸಿತ್ತು.

ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಬೋಲ್ಟ್ ತೆಗೆದು, ಚಾಸಿಯನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದೆ. ಕಿಲುಬು ಹಿಡಿದ ತುದಿ ಕತ್ತರಿಸಿ ಹೊಸ ಲಗ್ ಹಾಕಿದೆ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಮೆತ್ತಿದೆ. ಮೊದಲೇ ಮೆತ್ತಬೇಡಿ, ಲಗ್ ಕಬ್ಬಿಣಕ್ಕೆ ನೇರ ತಾಗಬೇಕು. ಎಲ್ಲ ಸೇರಿ ಒಂದು ತಾಸಿನ ಕೆಲಸ.

ಮ್ಯಾಟಿಗೆ ತೂತು ಕೊರೆದಿದ್ದೇನೆ. ಈಗ ಲೋಡ್ ಇಳಿಸಿದ ದಿನವೇ ಸಿಹಿನೀರಿನಲ್ಲಿ ತೊಳೆಯುತ್ತೇನೆ, ಗಾಡಿಯ ಅಡಿಭಾಗವನ್ನೂ ಸೇರಿಸಿ. ಮೀನಿನ ವಾಸನೆ ಮಾತ್ರ ಹೋಗಿಲ್ಲ.